ಕೆಂಗೇರಿ ದಾಟಿದ ಮೇಲೆ: ಅಣ್ಣನ ಮಗಳಿಗೊಂದಿಷ್ಟು ಕಿವಿಮಾತು

ಗ್ರ್ಯಾವೆಲ್ ಸೈಕಲ್ಲು ತಗೊಂಡೆಯಂತೆ. ಬಸವೇಶ್ವರನಗರದ ಮನೆ ಮುಂದೆ ನಿಲ್ಲಿಸಿ ತೆಗೆದ ಫೋಟೋ ನಿನ್ನಪ್ಪ ಕಳಿಸಿದ. ಬಾಗಿದ ಹ್ಯಾಂಡಲ್ಲು, ದಪ್ಪ ಟೈರು, ಡಿಸ್ಕ್ ಬ್ರೇಕು, ಎಲ್ಲಾ ಚೆನ್ನಾಗಿದೆ. ಅಮೆರಿಕದ ಕ್ಯಾನ್ಸಸ್ ಸೀಮೆಯಲ್ಲಿ 2006ರಲ್ಲಿ ಶುರುವಾದ ಒಂದು ಮಣ್ಣುದಾರಿಯ ರೇಸು ಈ ಸೈಕಲ್ಲುಗಳಿಗೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದಕ್ಕೆಂದೇ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು. ತಾವರೆಕೆರೆ ಕಡೆಯಿಂದ ಅಟ್ಲಾಸ್ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಇದೇ ಕೆಲಸ ಮಾಡುತ್ತಿದ್ದವರಿಗೆ ಯಾರೂ ಪದಕ ಕೊಡಲಿಲ್ಲ, ಇರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀನು ತುಳಿಯಲು ಹೊರಟಿರುವ ದಾರಿಗಳಲ್ಲಿ ಒಂದನ್ನೂ ನಮ್ಮ ಮೋಜಿಗೆ ಹಾಕಿದ್ದಲ್ಲ. ಕೆರೆ ಏರಿ ಕಟ್ಟಿದ್ದು ನೀರು ನಿಲ್ಲಿಸಲು, ಬಂಡಿಜಾಡು ಬಿದ್ದದ್ದು ಗೊಬ್ಬರ ಸಾಗಿಸಿ, ಕಾಡಿನೊಳಗಿನ ಬೆಂಕಿ ರೇಖೆ ಕಡಿದದ್ದು ಕಾಳ್ಗಿಚ್ಚು ತಡೆಯಲು. ಕೆಳಗಿನ ಮಾತುಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಹುಟ್ಟಿದವು. ಮಿಕ್ಕರ್ಧ ಬರೀ ಟೈರು, ನೀರು, ಇಡ್ಲಿ.

• ಮೊದಲ ತಿಂಗಳು ಜ್ಞಾನಭಾರತಿಯಲ್ಲೇ ತುಳಿ. ನಾಗರಭಾವಿ ದಾಟಿದರೆ ಸಿಕ್ಕಿತು, ಸಾವಿರ ಎಕರೆಗೂ ಮೀರಿದ ವಿಶ್ವವಿದ್ಯಾಲಯದ ಆವರಣ, ಮರಗಳ ನೆರಳು, ಟಾರಿನ ಅಂಚಿನಲ್ಲೇ ಮಣ್ಣು. ಅಲ್ಲಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ. ಸಡಿಲ ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಗೇ ಅಮುಕಬಾರದು, ತಿರುವು ಬರುವ ಮುಂಚೆಯೇ ವೇಗ ಇಳಿಸಿಕೊಂಡಿರಬೇಕು. ತಿರುವಿನ ಮಧ್ಯೆ ಬ್ರೇಕು ನೆನಪಾದರೆ ಮುಂದಿನ ಚಕ್ರ ಜಾರಿ ಭುಜ ನೆಲ ಮುಟ್ಟುತ್ತದೆ. ಕಣ್ಣು ಒಂದು ಮೂವತ್ತು ಅಡಿ ಮುಂದಿರಲಿ. ಚಕ್ರದ ಬುಡವನ್ನೇ ನೋಡುತ್ತಾ ಹೋದರೆ ಕಲ್ಲು ಕಾಣುವ ಹೊತ್ತಿಗೆ ನೀನು ಅದರ ಮೇಲೇ ಇರುತ್ತೀಯ. ಬೆಳಗ್ಗೆ ಅಲ್ಲಿ ನಡೆಯುವವರು ಬಹಳ. ಬೆಲ್ಲು ಹೊಡೆದು ಗಾಬರಿಪಡಿಸುವುದಕ್ಕಿಂತ ದೂರದಿಂದಲೇ ‘ಸರ್, ಎಡಕ್ಕೆ’ ಅಂದರೆ ಸಾಕು.

• ಎರಡನೇ ಪಾಠಶಾಲೆ ನಾಡಪ್ರಭು ಕೆಂಪೇಗೌಡ ಬಡಾವಣೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಬಿಡಿಎಯವರು ನಾಲ್ಕು ಸಾವಿರ ಎಕರೆಯ ಲೆಕ್ಕ ಹಾಕಿ ಬಿಡಿಸಿದ ನಕ್ಷೆ ಅದು. ಚಲ್ಲಘಟ್ಟ, ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ ಎಲ್ಲ ಅದರೊಳಗೆ ಬಂದುಬಿಟ್ಟಿವೆ. ಸೈಟು ಸಿಕ್ಕವರ ಗೋಳು ಬೇರೆ, ಸೈಕಲ್ಲಿನವರಿಗೆ ಮಾತ್ರ ಹಬ್ಬ. ಅಗಲವಾದ ಟಾರು ರಸ್ತೆ ಇದ್ದಕ್ಕಿದ್ದಂತೆ ಜಲ್ಲಿಯಾಗುತ್ತದೆ, ಜಲ್ಲಿ ಮಣ್ಣಾಗುತ್ತದೆ, ಮಣ್ಣು ಯಾರದೋ ರಾಗಿ ಹೊಲದ ಬದುವಿಗೆ ಹೋಗಿ ನಿಲ್ಲುತ್ತದೆ. ಆದರೆ ಹುಷಾರು ಕಣಮ್ಮ. ಮುಚ್ಚಳವಿಲ್ಲದ ಮ್ಯಾನ್‌ಹೋಲುಗಳ ಮೇಲೆ ಹುಲ್ಲು ಬೆಳೆದಿರುತ್ತದೆ, ಅರ್ಧಕ್ಕೆ ಬಿಟ್ಟ ಮೋರಿಯ ಕಬ್ಬಿಣದ ಕಂಬಿಗಳು ಮೊಣಕಾಲೆತ್ತರಕ್ಕೆ ಚಾಚಿಕೊಂಡಿರುತ್ತವೆ. ಮಳೆ ನಿಂತ ಮಾರನೇ ದಿನ ಅಲ್ಲಿ ನೀರು ತುಂಬಿದ ಗುಂಡಿಯೊಳಕ್ಕೆ ಚಕ್ರ ಇಳಿಸಬೇಡ, ಆಳ ಎಷ್ಟೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಕತ್ತಲಲ್ಲಂತೂ ಆ ಕಡೆ ತಲೆ ಹಾಕುವುದೇ ಬೇಡ.

• ನಮ್ಮ ಪಶ್ಚಿಮದ ಸೀಮೆಯ ಗುಟ್ಟು ಒಂದಿದೆ: ಹೋಗುವಾಗ ಇಳಿಜಾರು, ಬರುವಾಗ ಏರು. ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ವೃಷಭಾವತಿ ಊರೊಳಗೇ ಹುಟ್ಟಿ ನೈಋತ್ಯಕ್ಕೆ ಇಳಿಯುತ್ತದೆ, ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ಊರನ್ನು ಪಶ್ಚಿಮಕ್ಕೆ ಬಳಸಿ ಹರಿಯುತ್ತದೆ. ಅಂದರೆ ನೀನು ಹೊರಡುವುದು ದಿಣ್ಣೆಯಿಂದ, ತಲುಪುವುದು ಹೊಳೆಯ ಕಣಿವೆಗೆ. ನಂದಿಬೆಟ್ಟಕ್ಕೆ ಹೋಗುವವರು ತಂಪಿನಲ್ಲಿ ಹತ್ತಿ ಬಿಸಿಲಲ್ಲಿ ಇಳಿಯುತ್ತಾರೆ, ಪುಣ್ಯವಂತರು. ಮಂಚನಬೆಲೆ ಜಲಾಶಯಕ್ಕೆ ಹೋದವಳು ತಂಪಿನಲ್ಲಿ ಇಳಿದು ಬಿಸಿಲಲ್ಲಿ ಹತ್ತಬೇಕು. ‘ಅರೆ, ಇಷ್ಟು ಸಲೀಸಾಗಿ ಬಂದುಬಿಟ್ಟೆನಲ್ಲ’ ಎಂದು ಹಿಗ್ಗಿದ ಜಾಗದಲ್ಲೇ ಹಿಂತಿರುಗುವ ಲೆಕ್ಕ ಹಾಕು. ಎರಡು ಬಾಟಲಿ ನೀರಲ್ಲಿ ಮೊದಲನೆಯದು ಮುಗಿಯುವ ಮುಂಚೆ ಹ್ಯಾಂಡಲ್ಲು ಊರ ಕಡೆ ತಿರುಗಿರಲಿ.

• ಗಾಳಿಯ ಲೆಕ್ಕವೂ ಇದಕ್ಕೆ ಸೇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಒಮ್ಮೊಮ್ಮೆ ಜೋರಾಗಿಯೇ. ಹೋಗುವಾಗ ಎದುರುಗಾಳಿ ತಿಂದರೂ ಬರುವಾಗ ಬೆನ್ನಿಗೆ ಕೈಕೊಟ್ಟು ಏರು ಹತ್ತಿಸುತ್ತದೆ. ಕಾರ್ತಿಕ ಕಳೆದ ಮೇಲೆ ಪೂರ್ವದ ಗಾಳಿ. ಆಗ ಇಳಿಜಾರೂ ಬೆನ್ನಗಾಳಿಯೂ ಸೇರಿ ನಿನ್ನನ್ನು ದೂರ ಒಯ್ದುಬಿಡುತ್ತವೆ, ವಾಪಸ್ಸು ಬರುವಾಗ ಏರೂ ಎದುರುಗಾಳಿಯೂ ಒಟ್ಟಿಗೇ ಸಿಗುತ್ತವೆ. ಜನರು ಬೇಸಿಗೆಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ತಾವರೆಕೆರೆಯಿಂದ ವಾಪಸ್ಸು ಬರುವವರನ್ನು ಹೆಚ್ಚು ಸುಸ್ತು ಮಾಡುವುದು ಡಿಸೆಂಬರ್.

• ಹೊರಡುವ ಹೊತ್ತು. ಜೂನ್ ಮೊದಲಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಜನವರಿ ಕೊನೆಯಲ್ಲಿ ಆರೂ ಮುಕ್ಕಾಲಾಗುತ್ತದೆ. ವರ್ಷವಿಡೀ ಐದೂವರೆಗೇ ಅಲಾರಂ ಇಡುವುದು ಬುದ್ಧಿವಂತಿಕೆಯಲ್ಲ. ಟಾರು ರಸ್ತೆಯ ಭಾಗವನ್ನು ನಸುಕಿನಲ್ಲಿ ದೀಪ ಹಾಕಿಕೊಂಡು ಮುಗಿಸು, ಮಣ್ಣಿಗೆ ಇಳಿಯುವಾಗ ನೆಲದ ಬಣ್ಣ ಕಾಣುವಷ್ಟು ಬೆಳಕಿರಲಿ.

• ಟೈರಿನ ಬದಿಯಲ್ಲಿ ಅಚ್ಚು ಹಾಕಿರುವ ದೊಡ್ಡ ಸಂಖ್ಯೆ ಅದು ತಡೆಯುವ ಗರಿಷ್ಠ ಗಾಳಿ, ನೀನು ತುಂಬಬೇಕಾದ ಗಾಳಿಯಲ್ಲ. ಅಂಗಡಿ ಹುಡುಗ ಕಂಪ್ರೆಸರ್ ಇಟ್ಟು ಕಲ್ಲಾಗಿಸಿ ಕಳಿಸಿರುತ್ತಾನೆ. ಟೈರು 40 ಮಿಲಿಮೀಟರಿನದು, ನಿನ್ನ ತೂಕ ಅರವತ್ತು ಕೆಜಿ ಆಸುಪಾಸು ಅಂದುಕೊಂಡರೆ, ಟ್ಯೂಬಿರುವ ಟೈರಿಗೆ ಮುಂದೆ 32, ಹಿಂದೆ 36 ಪಿಎಸ್‌ಐಯಿಂದ ಶುರು ಮಾಡು. ಒಂದೊಂದೇ ಪಾಯಿಂಟು ಇಳಿಸುತ್ತಾ ಏರಿಸುತ್ತಾ ನಿನ್ನದನ್ನು ನೀನೇ ಕಂಡುಕೊ. ಹೆಚ್ಚಾದರೆ ಗರಸಿನ ಮೇಲೆ ಚಕ್ರ ಪುಟಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಕಮ್ಮಿಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ. ಟ್ಯೂಬ್‌ಲೆಸ್ ಮಾಡಿಸಿದರೆ ಇನ್ನೂ ಇಳಿಸಬಹುದು. ಆದರೆ ಒಳಗೆ ಸುರಿದ ಸೀಲೆಂಟು ನಮ್ಮ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು.

• ಜಾಲಿಮುಳ್ಳು. ನಮ್ಮ ಕೆರೆ ಅಂಗಳಗಳಲ್ಲಿ, ಏರಿ ಬದಿಯಲ್ಲಿ ಜಾಲಿ ಇಲ್ಲದ ಕಡೆ ಇಲ್ಲ. ಬೇಲಿಗೆ ಕಡಿದು ಹಾಕಿದ ಕೊಂಬೆ ದಾರಿಯಲ್ಲಿದ್ದರೆ ಇಳಿದು ಸೈಕಲ್ಲು ಎತ್ತಿಕೊಂಡು ದಾಟು, ನಾಚಿಕೆ ಬೇಡ. ಪಂಚರಾದಾಗ ಬಹಳ ಜನ ಹೊಸ ಟ್ಯೂಬು ತುರುಕಿ ಗಾಳಿ ಹೊಡೆದು ಹೊರಟುಬಿಡುತ್ತಾರೆ, ಅರ್ಧ ಕಿಲೋಮೀಟರಿಗೆ ಅದೂ ಹೋಗುತ್ತದೆ. ಮುಳ್ಳಿನ ತುದಿ ರಬ್ಬರೊಳಗೆ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟೈರಿನ ಒಳಮೈ ಮೇಲೆ ಒಂದು ಹಳೇ ಬಟ್ಟೆಯನ್ನು ನಿಧಾನಕ್ಕೆ ಸುತ್ತ ಎಳೆದುಕೊಂಡು ಬಾ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲೇ ಕಳ್ಳ. ಒಂದು ಪುಟ್ಟ ಚಿಮಟ ಚೀಲದಲ್ಲಿರಲಿ, ಉಗುರಿಗೆ ಅದು ಬಗ್ಗುವುದಿಲ್ಲ.

• ಇನ್ನೊಂದು ಸಣ್ಣ ವಸ್ತು, ಬೆಲೆ ಕೆಲವೇ ರೂಪಾಯಿ: ವಾಲ್ವಿಗೆ ಹಾಕುವ ಹಿತ್ತಾಳೆಯ ಅಡಾಪ್ಟರು. ನಿನ್ನ ಸೈಕಲ್ಲಿನ ವಾಲ್ವು ತೆಳು ಮೂತಿಯದು, ಪ್ರೆಸ್ಟಾ. ರಾಮೋಹಳ್ಳಿಯಲ್ಲಾಗಲಿ ತಾವರೆಕೆರೆಯಲ್ಲಾಗಲಿ ಪಂಚರ್ ಅಂಗಡಿಯವರ ಪಂಪು ಸ್ಕೂಟರಿನ ದಪ್ಪ ಮೂತಿಗೆ ಮಾಡಿದ್ದು. ಅಡಾಪ್ಟರ್ ಇಲ್ಲದಿದ್ದರೆ ಅವರ ಒಳ್ಳೆಯತನ, ನಿನ್ನ ದುಡ್ಡು ಎರಡೂ ಇದ್ದು ಗಾಳಿ ಮಾತ್ರ ಇರುವುದಿಲ್ಲ. ಹಾಗೇ ಹಿಂದಿನ ಗೇರು ತೂಗುವ ಹ್ಯಾಂಗರಿನದೊಂದು ಬಿಡಿಭಾಗ, ಒಂದು ಚೈನ್ ಲಿಂಕು. ಬೀಳುವಾಗ ಬಲಕ್ಕೆ ಬಿದ್ದರೆ ಮೊದಲು ಬಗ್ಗುವುದು ಆ ಹ್ಯಾಂಗರು.

• ಕೆಮ್ಮಣ್ಣನ್ನು ಓದಲು ಕಲಿ. ಬಿಳಿಚಿಕೊಂಡು ಪುಡಿಯಾಗಿದ್ದರೆ ಮೇಲ್ಪದರ ಸಡಿಲ, ತಿರುವಿನಲ್ಲಿ ಜಾರುತ್ತದೆ. ಗಾಢ ಕೆಂಪಾಗಿ ಮಂಕಾಗಿದ್ದರೆ ಹದವಾದ ತೇವ, ಅಷ್ಟು ಒಳ್ಳೆಯ ಹಿಡಿತ ಟಾರಿನಲ್ಲೂ ಸಿಗದು. ಮಳೆ ಬಿದ್ದು ಹೊಳೆಯುತ್ತಿದ್ದರೆ ಕಾಲಿಡಬೇಡ. ಜೇಡಿ ಕಲೆತ ಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಸಂದಿ ತುಂಬಿ, ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಚಕ್ರವೇ ತಿರುಗುವುದಿಲ್ಲ. ಆಗ ಹಟಕ್ಕೆ ಬಿದ್ದು ತುಳಿದರೆ ಗೇರು ಮುರಿಯುತ್ತದೆ. ಇಳಿದು ಕಡ್ಡಿಯಿಂದ ಕೆರೆದು, ಪಕ್ಕದ ಹುಲ್ಲಂಚಿನ ಮೇಲೆ ತಳ್ಳಿಕೊಂಡು ಹೋಗು. ನಮ್ಮೂರಿಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಎರಡು ತಿಂಗಳು ಹಿಂದಿನ ರಾತ್ರಿ ಆಕಾಶ ನೋಡಿಯೇ ಗೆಳೆಯರಿಗೆ ಮಾತು ಕೊಡು. ಹಸಿ ದಾರಿಯಲ್ಲಿ ನೀನು ಕೊರೆದ ಜಾಡು ಒಣಗಿದ ಮೇಲೆ ಹಾಗೇ ಗಟ್ಟಿಯಾಗುತ್ತದೆ, ಆಮೇಲೆ ಅದರಲ್ಲಿ ಎಡವುವುದು ಹುಲ್ಲು ಹೊತ್ತು ಬರುವ ಹೆಂಗಸು.

• ಕೆರೆ ಏರಿ ಮೇಲೆ ಹೋಗುವಾಗ ದನ ಎದುರಾದರೆ ನೀನು ಇಳಿ. ಏರಿಯ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಯ ಆಳ. ಬೆದರಿದ ಹಸು ತಿರುಗಿದರೆ ಇಬ್ಬರಿಗೂ ಜಾಗವಿಲ್ಲ. ನೀರಿನ ಕಡೆ ಅಂಚಿಗೆ ನಿಲ್ಲಬೇಡ, ಸೈಕಲ್ಲನ್ನು ದನಕ್ಕೂ ನಿನಗೂ ನಡುವೆ ಇಟ್ಟುಕೊಂಡು ಗದ್ದೆಯ ಕಡೆಗೆ ಸರಿದು ನಿಲ್ಲು. ಕಾಯುವವರು ಏನಾದರೂ ಕೇಳುತ್ತಾರೆ, ‘ಎಷ್ಟು ಬೀಳ್ತದೆ ಈ ಸೈಕಲ್ಲಿಗೆ?’ ಅಂತ. ನಿಜವಾದ ಬೆಲೆ ಹೇಳಲು ಮುಜುಗರವಾದರೆ ‘ಅಪ್ಪ ಕೊಡಿಸಿದ್ದು’ ಅನ್ನು. ತೂಬಿನ ಕಟ್ಟೆಯ ಮೇಲೆ ಸೈಕಲ್ಲು ಒರಗಿಸಿ ಫೋಟೋ ತೆಗೆಯುವ ಚಾಳಿ ಬೇಡ. ಕೋಡಿ ಹರಿಯುತ್ತಿದ್ದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಸವಾರಿ ಬೇಡವೇ ಬೇಡ.

• ವೃಷಭಾವತಿಯ ಪಕ್ಕದಲ್ಲಿ ತುಳಿಯುವುದಾದರೆ ಮೂಗಿಗೆ ಮೊದಲೇ ಹೇಳಿಟ್ಟಿರು. ನಾಯಂಡಹಳ್ಳಿ, ಕೆಂಗೇರಿ ಹಾದು ಬೈರಮಂಗಲದ ಕೆರೆಗೆ ಇಳಿಯುವ ಆ ನೀರು ಊರಿನ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಶವನ್ನೂ ಹೊತ್ತು ಹೋಗುತ್ತದೆ, ಬೈರಮಂಗಲದ ಬಳಿ ಬಿಳಿ ನೊರೆ ಏಳುತ್ತದೆ. ಫೋಟೋದಲ್ಲಿ ಹಿಮ ಬಿದ್ದಂತೆ ಕಾಣುವ ಅದನ್ನು ಕೈಯಲ್ಲಿ ಮುಟ್ಟಬೇಡ. ಪಂಚರಾದ ಟ್ಯೂಬನ್ನು ಆ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಬೇಡ, ತರಚಿದ ಮೊಣಕಾಲು ತೊಳೆಯಬೇಡ. ಅದೇ ನೀರಿನಲ್ಲಿ ಬೆಳೆ ತೆಗೆಯುವ ರೈತರು ಅಲ್ಲಿದ್ದಾರೆ. ಅವರ ಮುಂದೆ ಮೂಗು ಮುಚ್ಚಿಕೊಂಡು ಮುಖ ಸಿಂಡರಿಸಬೇಡ. ಅದು ನಮ್ಮ ವಿಜಯನಗರದ, ರಾಜಾಜಿನಗರದ ಬಚ್ಚಲಿನಿಂದ ಹೋದದ್ದೇ.

• ತಿಪ್ಪಗೊಂಡನಹಳ್ಳಿ. ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ 1933ರಲ್ಲಿ ಮುಗಿದ ಚಾಮರಾಜಸಾಗರ ಅದು. ದಶಕಗಳ ಕಾಲ ಊರಿನ ಈ ಭಾಗ ಕುಡಿದದ್ದು ಅದರ ನೀರನ್ನೇ. ಜಲಾನಯನ ಕೆಟ್ಟು 2012ರಲ್ಲಿ ಅಲ್ಲಿಂದ ಊರಿಗೆ ನೀರೆತ್ತುವುದು ನಿಂತಿತು. ಕಟ್ಟೆಯ ಆವರಣ ಜಲಮಂಡಳಿಯದು, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಗೇಟಿನವನ ಜೊತೆ ವಾದ ಬೇಡ. ಹೊರಗಿನ ಹಳ್ಳಿದಾರಿಗಳೇ ಬೇಕಾದಷ್ಟಿವೆ.

• ಮಂಚನಬೆಲೆಯ ನೀರಿಗೆ ಇಳಿಯಬೇಡ. ಇದೊಂದು ಮಾತ್ರ ನಾನು ಕಿವಿ ಹಿಂಡಿ ಹೇಳುವುದು. ದಡದಲ್ಲಿ ತಣ್ಣಗೆ, ಮೊಣಕಾಲುದ್ದ ಕಾಣುತ್ತದೆ. ಒಳಗೆ ಕಲ್ಲಿನ ಅಂಚು ಕಡಿದುಕೊಂಡು ಆಳ, ತಳದಲ್ಲಿ ಕೆಸರು. ಈಜು ಬಲ್ಲವರೂ ಸೇರಿ ಅಲ್ಲಿ ಹೋದ ಹುಡುಗರು ಒಬ್ಬಿಬ್ಬರಲ್ಲ, ಬೋರ್ಡು ನೆಟ್ಟಿರುವುದು ಅದಕ್ಕೇ. ನಲವತ್ತು ಕಿಲೋಮೀಟರು ತುಳಿದು ಕಾದ ಮೈಗೆ ನೀರು ಕರೆಯುತ್ತದೆ ನಿಜ. ಬಾಟಲಿ ನೀರನ್ನು ತಲೆಗೆ ಸುರಿದುಕೊ, ಸಾಕು. ದಾರಿಯ ಚೆಲುವು ಇರುವುದು ದೊಡ್ಡಾಲದ ಮರದಿಂದ ಅಲ್ಲಿಗೆ ಇಳಿಯುವ ರಸ್ತೆಯಲ್ಲಿ, ಸಾವನದುರ್ಗದ ಬಂಡೆ ಒಂದೊಂದು ತಿರುವಿಗೂ ಒಂದೊಂದು ಥರ ಕಾಣುವುದರಲ್ಲಿ.

• ಕಾಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತುರಹಳ್ಳಿ, ಬಿ.ಎಂ. ಕಾವಲ್, ಸೂಲಿಕೆರೆ, ಸಾವನದುರ್ಗ ಇವೆಲ್ಲ ಅರಣ್ಯ ಇಲಾಖೆಯ ನೆಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಅಪ್ಪಣೆ ಇಲ್ಲದೆ ನುಗ್ಗುವುದು ಅಪರಾಧ. ಮ್ಯಾಪಿನಲ್ಲಿ ಗೆರೆ ಕಂಡಿತು, ಯಾರೋ ಹೋಗಿ ಬಂದು ಆ್ಯಪಿಗೆ ಹಾಕಿದ್ದರು ಎಂಬುದು ಅಪ್ಪಣೆಯಲ್ಲ. ಬೇಲಿ ಹರಿದ ಕಡೆ ಸೈಕಲ್ಲು ತೂರಿಸುವವರನ್ನು ನೋಡಿದ್ದೇನೆ. ಅವರಿಂದಾಗಿಯೇ ನೆಟ್ಟಗೆ ಕೇಳಿ ಹೋಗುವವರಿಗೂ ಬಾಗಿಲು ಮುಚ್ಚುತ್ತದೆ. ತುರಹಳ್ಳಿಯಲ್ಲಿ 2021ರ ಫೆಬ್ರುವರಿಯಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಅಲ್ಲಿ ನಡೆಯುವವರು, ಹಕ್ಕಿ ನೋಡುವವರು, ಸುತ್ತಲ ನಿವಾಸಿಗಳು ಎದ್ದು ನಿಂತು ಆ ಯೋಜನೆ ನಿಲ್ಲಿಸಿದರು. ಹಾಗೆ ಉಳಿದ ಕಾಡಿನಲ್ಲಿ ಹೊಸ ಹಾದಿ ಕೊರೆಯುವ ಹಕ್ಕು ದಪ್ಪ ಟೈರಿಗೆ ಇಲ್ಲ. ಮಳೆನೀರು ಅದೇ ಗೆರೆ ಹಿಡಿದು ಹರಿದು ಎರಡೇ ಮಳೆಗಾಲಕ್ಕೆ ಕೊರಕಲಾಗುತ್ತದೆ. ಕಾಡಿನಂಚಿನ ಹಳ್ಳಿದಾರಿಯಲ್ಲಿ ಹೋಗು, ಒಳಗೆ ಹೋಗಬೇಕೆಂದರೆ ಇಲಾಖೆಯನ್ನು ಕೇಳಿ ಹೋಗು.

• ಚಿರತೆ ಇದೆಯಾ ಅಂತ ನಿನ್ನಜ್ಜಿ ಕೇಳುತ್ತಾರೆ. ಇದೆ. 2022ರ ಡಿಸೆಂಬರಿನಲ್ಲಿ ತುರಹಳ್ಳಿ, ಕೆಂಗೇರಿ, ಕುಂಬಳಗೋಡು ಸುತ್ತ ಕಾಣಿಸಿಕೊಂಡು ಊರೆಲ್ಲ ಸುದ್ದಿಯಾಗಿತ್ತು. ಅದು ಸಾಮಾನ್ಯವಾಗಿ ನಿನ್ನನ್ನು ಕಂಡರೆ ತಾನೇ ಸರಿಯುತ್ತದೆ, ಓಡಾಡುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಅಷ್ಟು ಹೊತ್ತು ಕಾಡಿನಂಚು ಬಿಟ್ಟುಕೊಡು. ಕಂಡೇ ಕಂಡರೆ ಬೆನ್ನು ತಿರುಗಿಸಿ ಓಡಬೇಡ, ಬಗ್ಗಬೇಡ, ಸೈಕಲ್ಲನ್ನು ಮುಂದೆ ಹಿಡಿದು ನಿಧಾನಕ್ಕೆ ಹಿಂದೆ ಸರಿ. ನನಗೆ ಅದಕ್ಕಿಂತ ಹೆಚ್ಚು ಭಯ ಕೊಳಕುಮಂಡಲದ್ದು. ಒಣಗಿದ ಎಲೆಯ ಬಣ್ಣದ್ದು, ಹಾದಿಯ ಅಂಚಿನಲ್ಲೇ ಮಲಗಿರುತ್ತದೆ. ಪೊದೆಯ ಮರೆಗೆ ಹೋಗುವಾಗ ಕಾಲಿಡುವ ಜಾಗ ನೋಡು. ಕಚ್ಚಿದರೆ ಬಟ್ಟೆ ಬಿಗಿಯುವುದು, ಕೊಯ್ಯುವುದು, ಹೀರುವುದು ಒಂದೂ ಬೇಡ. ಅಲ್ಲಾಡದೆ ಕೂತು 108ಕ್ಕೆ ಫೋನು ಮಾಡಿ, ನೇರ ಆಸ್ಪತ್ರೆ.

• ಹೆಸರಘಟ್ಟಕ್ಕೆ ಹೋಗುವ ಆಸೆ ರಾಜಾಜಿನಗರದ ಹುಡುಗರಿಗೆಲ್ಲ ಇದೆ. 1890ರ ದಶಕದಲ್ಲಿ ಊರಿಗೆ ಕೊಳಾಯಿ ನೀರು ಕೊಟ್ಟ ಕೆರೆ, ಪಕ್ಕದಲ್ಲಿ ಹುಲ್ಲುಗಾವಲು. ಆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಮರವಿಲ್ಲದ ಬಯಲು ಖಾಲಿ ಅಂದುಕೊಂಡು ಅಡ್ಡಾದಿಡ್ಡಿ ತುಳಿಯಬೇಡ, ನೆಲಗುಬ್ಬಿಗಳೂ ಟಿಟ್ಟಿಭಗಳೂ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ನೀನು ಗೂಡಿನ ಹತ್ತಿರವಿದ್ದೀಯ ಅಂತ, ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗು.

• ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೇ ಪ್ರವೇಶವಿಲ್ಲ, ಸೈಕಲ್ಲಿಗೂ ಇಲ್ಲ. ಸರ್ವಿಸ್ ರಸ್ತೆಯೇ ಗತಿ, ಅಲ್ಲಿ ಎದುರಿನಿಂದ ಬರುವವರೇ ಜಾಸ್ತಿ. ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ ದಾರಿಯಲ್ಲಿ ಒಳಗಿಂದೊಳಗೇ ಹೋಗು. ಮೆಟ್ರೊ ಚಲ್ಲಘಟ್ಟದವರೆಗೆ ಬಂದಿದೆ ಅಂತ ನಂಬಿಕೊಂಡು ಸುಸ್ತಾದಾಗ ಸ್ಟೇಷನ್ನಿಗೆ ಹೋಗಬೇಡ, ಅವರು ಬಿಡುವುದು ಮಡಚುವ ಸೈಕಲ್ಲನ್ನು ಮಾತ್ರ.

• ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ನಿಲ್ಲು. ಓಡುವ ಚಕ್ರವನ್ನು ಕಂಡರೆ ಅದಕ್ಕೆ ಆವೇಶ, ನಿಂತರೆ ಮುಕ್ಕಾಲು ಪಾಲು ಮರೆತೇಬಿಡುತ್ತದೆ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್.

• ಹೆಣ್ಣುಮಗಳು ಒಬ್ಬಳೇ ಹೋಗಬೇಡ ಅನ್ನುತ್ತಾರೆ ಮನೆಯಲ್ಲಿ. ನಾನು ಹೇಳುವುದು ಗಂಡಾಗಲಿ ಹೆಣ್ಣಾಗಲಿ ಒಬ್ಬರೇ ಹೋಗಬೇಡಿ ಅಂತ. ಸಾವನದುರ್ಗದ ಮಗ್ಗುಲಿನ ತಗ್ಗುಗಳಲ್ಲಿ ಫೋನಿನ ಸಿಗ್ನಲ್ಲು ಕೈಕೊಡುತ್ತದೆ, ಬಿದ್ದು ಕಾಲು ಉಳುಕಿದರೆ ಹೇಳಲೂ ಜನ ಬೇಕು. ಮ್ಯಾಪು ಮೊದಲೇ ಇಳಿಸಿಕೊಂಡಿರು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಅಮ್ಮನಿಗೆ ಬರೆದಿಟ್ಟು ಹೋಗು.

• ಹೊಟ್ಟೆಗೆ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡ, ಎರಡು ಬಾಳೆಹಣ್ಣು ತಿಂದು ಹೊರಡು. ನೀರಿಗೆ ಚಿಟಿಕೆ ಉಪ್ಪು, ನಿಂಬೆಹಣ್ಣು. ತಟ್ಟೆ ಇಡ್ಲಿ ಹಿಂತಿರುಗುವ ಏರಿಗೆ ಮುಂಚೆ ಒಂದು ಸಾಕು, ಎರಡನೆಯದು ಏರು ಮುಗಿದ ಮೇಲೆ. ಬೆಣ್ಣೆ ಜಾಸ್ತಿ ಹಾಕಿಸಿಕೊಂಡವರು ಮಾಗಡಿ ರಸ್ತೆಯ ಏರಿನಲ್ಲಿ ಪರಿತಪಿಸುವುದನ್ನು ಕಂಡಿದ್ದೇನೆ. ದೊಡ್ಡಾಲದ ಮರದ ಬಳಿ ನಿಂತು ಏನೂ ತಿನ್ನಬೇಡ. ಮೂರೆಕರೆ ಹರಡಿದ, ನಾನೂರು ವರ್ಷದ್ದೆನ್ನುವ ಆ ಮರದ ತುಂಬ ಕೋತಿಗಳು. ಹ್ಯಾಂಡಲ್ಲಿನ ಚೀಲದ ಜಿಪ್ಪು ತೆಗೆಯಲು ಅವಕ್ಕೆ ನಿನಗಿಂತ ಚೆನ್ನಾಗಿ ಬರುತ್ತದೆ.

• ದುಡ್ಡು ಹಾಕುವುದಾದರೆ ಮೊದಲು ಹೆಲ್ಮೆಟ್ಟು, ಆಮೇಲೆ ಟೈರು, ಆಮೇಲೆ ದೀಪ. ಕಾರ್ಬನ್ ಗಿರ್ಬನ್ ಎಲ್ಲ ಕೊನೆಗೆ.

• ಡಿಸೆಂಬರ್, ಜನವರಿಯಲ್ಲಿ ತಾವರೆಕೆರೆಯಿಂದಾಚೆ ರಸ್ತೆಯ ಮೇಲೇ ಒಕ್ಕಣೆ. ರಾಗಿ ತೆನೆ ಹರಡಿದ್ದರೆ ಅಂಚಿನಲ್ಲಿ ನಿಧಾನಕ್ಕೆ ಸಾಗಬಹುದು. ಹುರುಳಿ ಹರಡಿದ್ದರೆ ಇಳಿದುಬಿಡು. ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ ಅವರು ಹಾಕಿರುತ್ತಾರೆ, ಒಣಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು. ಚೈನಿನ ಎಣ್ಣೆ ಮೆತ್ತಿದ ಕಾಳು ಅವರಿಗೂ ಬೇಡ.

• ಅದೇ ತಿಂಗಳಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಸೊಗಡಿನ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಬರುವಾಗ ಎರಡು ಕೆಜಿ ತಾ, ಚಿಕ್ಕಮ್ಮ ಹಿದುಕವರೆ ಸಾರು ಮಾಡುತ್ತಾಳೆ. ಚಿಲ್ಲರೆ ಇಟ್ಟುಕೊಂಡಿರು, ಬೆಳಗಿನ ಹೊತ್ತು ಎಲ್ಲ ಕಡೆ ಫೋನಿನಲ್ಲಿ ದುಡ್ಡು ನಡೆಯುವುದಿಲ್ಲ. ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಬೇಡ, ಏರಿನಲ್ಲಿ ಎದ್ದು ತುಳಿಯುವಾಗ ಓಲಾಡಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಬೆನ್ನಚೀಲದ ತಳದಲ್ಲಿ ಹಾಕಿ, ಮೇಲೆ ಪಂಪು ಇಟ್ಟುಕೊ.